ಮನೆಗೆಲಸ, ತೋಟದ ಕೆಲಸ ಮಾಡಿದ್ರೆ ವ್ಯಾಯಾಮ ಆದಂತೆಯೇ?

ಹೌದು, ಉಸಿರು ಜೋರಾಗುವಷ್ಟು ಬಿರುಸಾಗಿ ಮಾಡಿದರೆ ಖಂಡಿತ ಆಗುತ್ತದೆ. ತೊಡೆ, ಬೆನ್ನಿನಂಥ ದೊಡ್ಡ ಸ್ನಾಯುಗಳು ದುಡಿದಾಗ ಅವಕ್ಕೆ ಜಾಸ್ತಿ ಆಮ್ಲಜನಕ ಬೇಕು. ಅದನ್ನು ಒದಗಿಸಲು ಹೃದಯ ವೇಗವಾಗಿ ಬಡಿಯುತ್ತದೆ. ದೇಹಕ್ಕೆ ಲಾಭ ಬರುವುದು ಅಲ್ಲಿಂದಲೇ.

ಕುಕ್ಕರಗಾಲಲ್ಲಿ ಕೂತು, ಬಟ್ಟೆ ಹಿಂಡಿ, ಹಿಂದಕ್ಕೆ ಸರಿಯುತ್ತಾ ಇಡೀ ಹಾಲ್ ಒರೆಸಿ ನೋಡಿ. ತೊಡೆ ಬಿಗಿಯುತ್ತದೆ, ಹಣೆ ಬೆವರುತ್ತದೆ. ಗುದ್ದಲಿಯಲ್ಲಿ ಪಾತಿ ಅಗೆಯುವುದು ಇದಕ್ಕಿಂತ ಬಿರುಸು. ಆದರೆ ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು ಲೆಕ್ಕಕ್ಕೆ ಸಾಲದು. ಸುಮ್ನೆ ಕೂರುವುದಕ್ಕಿಂತ ವಾಸಿ, ಅಷ್ಟೇ.

ಪರೀಕ್ಷೆ ಸುಲಭ: ಕೆಲಸದ ನಡುವೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಇಂಥ 150ರಿಂದ 300 ನಿಮಿಷ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಮನೆಗೆಲಸವೂ ಅದರಲ್ಲಿ ಸೇರುತ್ತದೆ. ಒಂದೇ ಸಲಕ್ಕೆ ಮಾಡಬೇಕಂತಿಲ್ಲ, ಐದೈದು ನಿಮಿಷವೂ ಕೂಡುತ್ತಾ ಹೋಗುತ್ತದೆ.

ಒಂದು ಕೊರತೆ ಇದೆ. ಸ್ನಾಯು ಗಟ್ಟಿಯಾಗಲು ವಾರಕ್ಕೆ ಕನಿಷ್ಠ 2 ದಿನ ಭಾರದ ಕೆಲಸವೂ ಬೇಕು. ಕಸ ಗುಡಿಸಿದರೆ ಅದು ಸಿಗದು. ತುಂಬಿದ ಕೊಡ ಹೊರುವುದು, ಮಣ್ಣಿನ ಬುಟ್ಟಿ ಎತ್ತುವುದು ಇಲ್ಲದವರು ಬಸ್ಕಿ, ದಂಡ ಹೊಡೆಯಿರಿ. ಮೊಣಕಾಲು ನೋವಿದ್ದರೆ ಕುಕ್ಕರಗಾಲು ಬೇಡ, ಉದ್ದ ಕೋಲಿನ ಮಾಪ್ ಹಿಡಿದು ನಿಂತೇ ಒರೆಸಿ.