ನಷ್ಟದ ಸಾಲು, ಲಾಭದ ಸಾಲು: ಕೂಡಿದಾಗ 41,400 ಯಾಕೆ ಬಂತು

ನಮಸ್ಕಾರ. ಐದು ಕಸುಬಿನ ಲಾಭ ನಷ್ಟ ಕೂಡಿದಾಗ ನಿಮಗೊಂದು, ಮಗನಿಗೊಂದು ಮೊತ್ತ ಬಂತು, ಯಾವುದು ಸರಿ ಅಂತ ಕೇಳಿ ನೀವು ಹಾಕಿದ ಲೆಕ್ಕ ಪೂರ್ತಿ ಮಾಡಿ ನೋಡಿದೆ. ಉಳಿದವರಿಗೂ ತಿಳಿಯಲಿ ಅಂತ ಐದೂ ಸಾಲು ಇಲ್ಲಿ ಬರೆಯುತ್ತೇನೆ. ಟೊಮೆಟೊ 18,400 ನಷ್ಟ, ಹಾಲು 12,650 ಲಾಭ, ರೇಷ್ಮೆ ಗೂಡು 31,200 ಲಾಭ, ಮೆಣಸಿನಕಾಯಿ 6,750 ನಷ್ಟ, ಕೋಳಿ 2,300 ನಷ್ಟ. ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿ 41,400 ಬಂತು, ಮಗನ ಫೋನಿನಲ್ಲಿ 53,200. ಎರಡೂ ತಪ್ಪು. ಸರಿಯಾದ್ದು 16,400 ಲಾಭ.

41,400 ಎಲ್ಲಿಂದ ಬಂತು ಅಂತ ಹುಡುಕಿದೆ. ನಿಮ್ಮ ಪುಸ್ತಕದ ಫೋಟೋದಲ್ಲಿ ಪ್ಲಸ್, ಮೈನಸ್ ಗುರುತು ಸಂಖ್ಯೆ ಆದಮೇಲೆ ಇದೆ: 18,400 −, 12,650 +, ಹೀಗೆ. ನೀವು ಅದನ್ನು ಕಂಡ ಹಾಗೆಯೇ ಒತ್ತಿದ್ದೀರಿ. ಆದರೆ ಕ್ಯಾಲ್ಕುಲೇಟರ್‌ಗೆ ಮೈನಸ್ ಅಂದರೆ "ಮುಂದೆ ಬರುವುದನ್ನು ಕಳೆ" ಅಂತ ಅರ್ಥ. ಅದು ಟೊಮೆಟೊ ನಷ್ಟವನ್ನು ಲಾಭ ಅಂದುಕೊಂಡು, ಅದರಿಂದ ಹಾಲಿನ ದುಡ್ಡನ್ನು ಕಳೆಯಿತು. 18,400ರಲ್ಲಿ 12,650 ಹೋದರೆ 5,750. ಅದಕ್ಕೆ 31,200 ಸೇರಿ 36,950. ಮೆಣಸಿನಕಾಯಿಯ 6,750 ಕೂಡ ಸೇರಿ 43,700. ಕೊನೆಗೆ ಕೋಳಿಯ 2,300 ಕಳೆದು 41,400. ಪ್ರತಿ ಗುರುತೂ ಒಂದು ಸಾಲು ಕೆಳಗೆ ಜಾರಿದೆ, ಅಷ್ಟೇ.

ಮಗನ ತಪ್ಪು ಹಿಡಿಯುವುದು ಇನ್ನೂ ಸುಲಭ. 53,200ರಲ್ಲಿ 16,400 ಕಳೆದರೆ 36,800. ಅದರ ಅರ್ಧ 18,400. ಅದು ಟೊಮೆಟೊ ಸಾಲು ಅಲ್ವಾ? ಅಂದರೆ ಅವನು ಮೊದಲ ಸಾಲಿನ ಮೈನಸ್ ಹಾಕಿಲ್ಲ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಎರಡು ಮೊತ್ತ ತಾಳೆಯಾಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ, ಆ ಸಂಖ್ಯೆ ಪುಸ್ತಕದಲ್ಲಿ ಇದೆಯಾ ನೋಡಿ. ಇದ್ದರೆ ಮೊದಲು ಆ ಸಾಲಿನ ಗುರುತು ನೋಡಿ. ಕಳೆಯಬೇಕಾದ್ದನ್ನು ಕೂಡಿದರೆ ತಪ್ಪು ಎರಡರಷ್ಟು ಆಗುತ್ತದೆ, ಅದಕ್ಕೇ ಅರ್ಧ. ನಾನು ನಮ್ಮೂರ ಸಂಘದ ಲೆಕ್ಕ ಬರೆಯುತ್ತಿದ್ದಾಗ ಇದು ಗೊತ್ತಿರಲಿಲ್ಲ. ಒಂದು ಮೈನಸ್‌ಗಾಗಿ ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ.

ಇನ್ನು ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಮೈನಸ್ ಮೈನಸ್ ಸೇರಿದರೆ ಪ್ಲಸ್, ಹಾಗಾಗಿ ಮೆಣಸಿನಕಾಯಿ, ಕೋಳಿ ಸೇರಿ ಲಾಭ ಆಗಬೇಕು" ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತು ಗುಣಾಕಾರಕ್ಕೆ ಮತ್ತು ಭಾಗಾಕಾರಕ್ಕೆ. ಕೂಡುವಾಗ ಎರಡು ನಷ್ಟ ಸೇರಿದರೆ ದೊಡ್ಡ ನಷ್ಟವೇ: 6,750, 2,300 ಎರಡೂ ಸೇರಿ 9,050 ನಷ್ಟ. ಇಬ್ಬರ ಹತ್ತಿರ ಕೈಸಾಲ ಮಾಡಿದರೆ ಸಾಲ ಜಾಸ್ತಿ ಆಗುತ್ತದೆ, ಆಸ್ತಿ ಆಗುವುದಿಲ್ಲ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲಿ ಈ ನಿಯಮ ಬರೆದಾಗ ಬಳಸಿದ ಪದಗಳೇ ಧನ ಮತ್ತು ಋಣ. ಎರಡು ಧನ ಸೇರಿದರೆ ಧನ, ಎರಡು ಋಣ ಸೇರಿದರೆ ಋಣ, ಒಂದು ಧನ ಒಂದು ಋಣ ಆದರೆ ಅವುಗಳ ವ್ಯತ್ಯಾಸ, ಎರಡೂ ಸಮ ಇದ್ದರೆ ಸೊನ್ನೆ. ನಮಗೆ ಋಣ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕೈಯಲ್ಲಿ ಮಾಡುವಾಗ ಒಂದೊಂದೇ ಸಾಲು ಕೂಡಿ ಕಳೆದು ಹೋಗಬೇಡಿ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಲಾಭ: 12,650, 31,200. ಒಟ್ಟು 43,850. ಬಲಕ್ಕೆ ನಷ್ಟ: 18,400, 6,750, 2,300. ಒಟ್ಟು 27,450. ಇಲ್ಲಿವರೆಗೆ ಬರೀ ಕೂಡುವುದು, ಗುರುತಿನ ಗೋಜೇ ಇಲ್ಲ. ಈಗ ದೊಡ್ಡದರಿಂದ ಚಿಕ್ಕದನ್ನು ಒಂದೇ ಸಲ ಕಳೆಯಿರಿ. 16,400. ಯಾವ ಕಡೆ ದೊಡ್ಡದಿತ್ತೋ ಆ ಕಡೆಯ ಗುರುತು. ನಷ್ಟದ ಕಡೆ ದೊಡ್ಡದಾಗಿದ್ದರೂ ದೊಡ್ಡ ಸಂಖ್ಯೆಯನ್ನೇ ಮೇಲೆ ಬರೆದು ಕಳೆಯಿರಿ, ಉತ್ತರಕ್ಕೆ ಮೈನಸ್ ಹಾಕಿ. ಚಿಕ್ಕದನ್ನು ಮೇಲೆ ಇಟ್ಟು ದಶಕ ತರಲು ಹೋದರೆ ಲೆಕ್ಕ ಕೆಡುತ್ತದೆ.

ದಶಕ ತರುವುದೇ ಕಷ್ಟ ಅನ್ನುವವರು ಚಿಲ್ಲರೆ ಕೊಡುವ ಹಾಗೆ ಎಣಿಸಿ. 27,450ರಿಂದ 28,000ಕ್ಕೆ 550. ಅಲ್ಲಿಂದ 40,000ಕ್ಕೆ 12,000. ಅಲ್ಲಿಂದ 43,850ಕ್ಕೆ 3,850. ಮೂರೂ ಸೇರಿ 16,400. ಸಂತೆಯಲ್ಲಿ ದಿನಾ ಮಾಡುವುದು ಇದೇ.

ಕ್ಯಾಲ್ಕುಲೇಟರ್ ವಿಷಯ. ಗುರುತನ್ನು ಸಂಖ್ಯೆ ಆದಮೇಲೆ ಬರೆಯುವ ನಿಮ್ಮ ಅಭ್ಯಾಸ ಬಿಡಬೇಕಿಲ್ಲ. ಕಾಗದದ ಸುರುಳಿ ಬರುವ ಹಳೆಯ ಕೂಡುವ ಯಂತ್ರಗಳಲ್ಲೂ ಮೊದಲು ಸಂಖ್ಯೆ, ಆಮೇಲೆ ಗುರುತು ಒತ್ತುತ್ತಿದ್ದರು. ನಿಮ್ಮ ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ ಅದೇ ಕೆಲಸವನ್ನು ಎಂ ಪ್ಲಸ್, ಎಂ ಮೈನಸ್ ಗುಂಡಿಗಳು ಮಾಡುತ್ತವೆ. ಒಂದು ಸಂಖ್ಯೆಯನ್ನು ಯಂತ್ರದ ನೆನಪಿಗೆ ಕೂಡುತ್ತದೆ, ಇನ್ನೊಂದು ಅಲ್ಲಿಂದ ಕಳೆಯುತ್ತದೆ. 18400 ಎಂ ಮೈನಸ್. 12650 ಎಂ ಪ್ಲಸ್. 31200 ಎಂ ಪ್ಲಸ್. 6750 ಎಂ ಮೈನಸ್. 2300 ಎಂ ಮೈನಸ್. ಕೊನೆಗೆ ನೆನಪಿನಲ್ಲಿ ಇರುವುದನ್ನು ತೋರಿಸುವ ಎಂಆರ್ ಒತ್ತಿದರೆ 16400 ಬರುತ್ತದೆ. ಆದರೆ ಶುರು ಮಾಡುವ ಮುಂಚೆ ಪರದೆಯ ಮೂಲೆಯಲ್ಲಿ ಚಿಕ್ಕ "ಎಂ" ಇದೆಯಾ ನೋಡಿ. ಇದ್ದರೆ ಹಳೆಯ ಲೆಕ್ಕ ಒಳಗೇ ಕೂತಿದೆ. ಎಂಸಿ ಒತ್ತಿ ಅಳಿಸಿ. ಎಂಆರ್‌ಸಿ ಅಂತ ಒಂದೇ ಗುಂಡಿ ಇದ್ದರೆ ಎರಡು ಸಲ ಒತ್ತಿ.

ಪ್ಲಸ್ ಮೈನಸ್ ಎರಡೂ ಒಟ್ಟಿಗೆ ಬರೆದ ಗುಂಡಿ ಇದ್ದರೆ ಅದೂ ಆಗುತ್ತದೆ. 18400 ಒತ್ತಿ ಅದನ್ನು ಒಂದು ಸಲ ಒತ್ತಿದರೆ ಸಂಖ್ಯೆಯೇ ಮೈನಸ್ ಆಗುತ್ತದೆ. ಫೋನಿನಲ್ಲಿ ಸುಮ್ನೆ ಮೈನಸ್‌ನಿಂದ ಶುರು ಮಾಡಬಹುದು, ಆದರೆ ಮೊದಲು ಪರದೆ ಖಾಲಿ ಮಾಡಿ. ಹಿಂದಿನ ಉತ್ತರ ಅಲ್ಲೇ ಇದ್ದರೆ ಅದರಿಂದಲೇ ಕಳೆದುಬಿಡುತ್ತದೆ.

ಕೋಳಿ ನಷ್ಟದಲ್ಲಿ 800 ರೂಪಾಯಿ ಮೇವನ್ನು ತಪ್ಪಾಗಿ ಸೇರಿಸಿದ್ದೇನೆ, ತೆಗೆಯುವುದು ಹೇಗೆ ಅಂತಲೂ ಕೇಳಿದ್ದೀರಿ. ಕೂಡುವಾಗ ಆಗದಿದ್ದರೂ ಇಲ್ಲಿ ಎರಡು ಮೈನಸ್ ಪ್ಲಸ್ ಆಗುತ್ತದೆ, ಯಾಕೆಂದರೆ ನೀವು ನಷ್ಟವನ್ನು ಕಳೆಯುತ್ತಿದ್ದೀರಿ. ಪಕ್ಕದ ಮನೆಯವರು ನಿಮ್ಮ ಸಾಲದಲ್ಲಿ 800 ಬಿಟ್ಟುಕೊಟ್ಟರೆ ನಿಮಗೆ 800 ಉಳಿದ ಹಾಗೆ. ಕೋಳಿ ನಷ್ಟ 1,500 ಆಯಿತು, ಒಟ್ಟು ಲಾಭ 17,200 ಆಯಿತು. ಕ್ಯಾಲ್ಕುಲೇಟರ್‌ನಲ್ಲಿ ಮೈನಸ್ ಎರಡು ಸಲ ಒತ್ತಬೇಡಿ. ಕ್ಯಾಸಿಯೋದ ಹಲವು ಮೇಜಿನ ಮಾದರಿಗಳಲ್ಲಿ ಹಾಗೆ ಒತ್ತಿದರೆ "ಕೆ" ಅಂತ ಬರುತ್ತದೆ. ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕಳೆಯುವ ಏರ್ಪಾಡು ಅದು. ನೇರವಾಗಿ 800 ಕೂಡಿ, ಸಾಕು.

ಒಂದು ಮಾತು ಕೇಳಬೇಕಿತ್ತು. ಡ್ರಿಪ್ ಪೈಪು ಟೊಮೆಟೊಗೂ ಮೆಣಸಿನಕಾಯಿಗೂ ಒಂದೇ ಅಂದಿದ್ದೀರಿ. ಅದರ ದುಡ್ಡು ಎರಡೂ ಸಾಲಿನಲ್ಲಿ ಪೂರ್ತಿ ಬಿದ್ದಿದೆಯಾ? ಬಿದ್ದಿದ್ದರೆ ಒಂದು ಕಡೆ ತೆಗೆಯಬೇಕು, ಆಗ 17,200 ಇನ್ನೂ ಮೇಲೆ ಹೋಗುತ್ತದೆ. ಪೈಪಿನ ಬಿಲ್ಲು ಎಷ್ಟು ಅಂತ ಹಾಕಿ, ನೋಡೋಣ.