ಐಜಿಎಫ್-1 ಜಾಸ್ತಿ ಅಂತ ರಿಪೋರ್ಟ್ ಬಂದರೆ ಹೆದರಬೇಕಾ?

ಪ್ರಶ್ನೆ: ನನಗೆ 46 ವರ್ಷ. ಫುಲ್ ಬಾಡಿ ಚೆಕಪ್‌ನಲ್ಲಿ ಐಜಿಎಫ್-1 (ಬೆಳವಣಿಗೆಗೆ ಸಂಬಂಧಿಸಿದ ಒಂದು ಹಾರ್ಮೋನು) ನಾರ್ಮಲ್ಲೇ ಇದೆ, ಆದರೆ ಮೇಲಿನ ಗಡಿಗೆ ತಾಗಿಕೊಂಡಿದೆ. ಇದು ಜಾಸ್ತಿ ಇದ್ದರೆ ಕ್ಯಾನ್ಸರ್ ಬರುತ್ತದೆ ಅಂತ ಓದಿ ನಿದ್ದೆ ಕೆಟ್ಟಿದೆ. ಗ್ರೋತ್ ಹಾರ್ಮೋನನ್ನೇ ನೇರವಾಗಿ ಟೆಸ್ಟ್ ಮಾಡಿಸಲಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಗ್ರೋತ್ ಹಾರ್ಮೋನ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬಿಟ್ಟು ಬಿಟ್ಟು ಬರುತ್ತದೆ, ಗಾಢ ನಿದ್ದೆಯಲ್ಲಿ ಜಾಸ್ತಿ, ಹಗಲಲ್ಲಿ ಎಷ್ಟೋ ಹೊತ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾವಾಗಲೋ ಒಮ್ಮೆ ರಕ್ತ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಆ ಹಾರ್ಮೋನಿನ ಪ್ರಭಾವದಲ್ಲಿ ಮುಖ್ಯವಾಗಿ ಲಿವರ್ ತಯಾರಿಸುವುದೇ ಐಜಿಎಫ್-1. ಅದು ದಿನವಿಡೀ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದಕ್ಕೇ ಡಾಕ್ಟರುಗಳು ಅದನ್ನು ನೋಡುತ್ತಾರೆ.

ನೀವು ಓದಿದ್ದು ಸುಳ್ಳಲ್ಲ. ಐಜಿಎಫ್-1 ಜಾಸ್ತಿ ಇರುವವರಲ್ಲಿ ಪ್ರಾಸ್ಟೇಟ್, ಸ್ತನ, ದೊಡ್ಡ ಕರುಳಿನ ಕ್ಯಾನ್ಸರ್ ಸ್ವಲ್ಪ ಹೆಚ್ಚು ಅಂತ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಈಕ್ವೆಡಾರ್‌ನಲ್ಲಿ ಲಾರಾನ್ ಸಿಂಡ್ರೋಮ್ ಇರುವವರ ಒಂದು ಗುಂಪಿದೆ. ಗ್ರೋತ್ ಹಾರ್ಮೋನ್ ಇದ್ದರೂ ಅವರ ದೇಹಕ್ಕೆ ಅದು ನಾಟುವುದಿಲ್ಲ, ಐಜಿಎಫ್-1 ತೀರಾ ಕಡಿಮೆ, ಎತ್ತರವೂ ತುಂಬಾ ಕಡಿಮೆ. ಅವರಲ್ಲಿ ಕ್ಯಾನ್ಸರ್ ಬಹಳ ಅಪರೂಪ, ಮೈ ದಪ್ಪಗಿದ್ದರೂ ಡಯಾಬಿಟಿಸ್ ಕಾಣಲಿಲ್ಲ ಅಂತ 2011ರಲ್ಲಿ ವರದಿಯಾಯಿತು. ಹಾಗಂತ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಸಾಮಾನ್ಯ ಜನರಲ್ಲಿ ತೀರಾ ಕಡಿಮೆ ಇದ್ದರೂ ಮೂಳೆ ಸವೆತ, ಹೃದಯದ ತೊಂದರೆ ಜಾಸ್ತಿ ಕಾಣುತ್ತದೆ. ಇವೆಲ್ಲ ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಸಿಗುವ ಸಣ್ಣ ವ್ಯತ್ಯಾಸಗಳು. ಒಬ್ಬರ ಒಂದು ರಿಪೋರ್ಟ್ ಹಿಡಿದು ಅವರಿಗೆ ಮುಂದೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ನಿಮ್ಮ ಬಿಪಿ, ಶುಗರ್, ಸೊಂಟದ ಸುತ್ತಳತೆ, ಸಿಗರೇಟು ಇವು ಇದಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತವೆ.

ಇನ್ನೊಂದು ಮಾತು, ಈ ನಂಬರನ್ನು ವಯಸ್ಸಿಗೆ ತಕ್ಕಂತೆ ಓದಬೇಕು. ಹದಿಹರೆಯದಲ್ಲಿ ಏರಿ ಆಮೇಲೆ ಇಳಿಯುತ್ತಾ ಹೋಗುತ್ತದೆ. ಉಪವಾಸ, ಲಿವರ್ ಕಾಯಿಲೆ, ಈಸ್ಟ್ರೋಜನ್ ಮಾತ್ರೆ ಇವು ಅದನ್ನು ಇಳಿಸುತ್ತವೆ. ಲ್ಯಾಬಿನಿಂದ ಲ್ಯಾಬಿಗೂ ಲೆಕ್ಕ ಬದಲಾಗುತ್ತದೆ, ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ.

ಆದರೆ ಇದನ್ನು ಗಮನಿಸಿ: ಉಂಗುರ ಬಿಗಿಯಾಗಿದೆಯಾ? ಚಪ್ಪಲಿ ಸೈಜ್ ದೊಡ್ಡದಾಗಿದೆಯಾ? ಹಲ್ಲುಗಳ ನಡುವೆ ಸಂದು, ಮುಂದೆ ಬಂದ ದವಡೆ, ವಿಪರೀತ ಬೆವರು, ಜೋರು ಗೊರಕೆ? ಇದ್ದರೆ ತಡಮಾಡದೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ. ಅದು ಆಕ್ರೋಮೆಗಲಿ, ಅಂದರೆ ಗ್ರೋತ್ ಹಾರ್ಮೋನ್ ಅತಿಯಾಗುವ ಕಾಯಿಲೆ ಇರಬಹುದು, ಸಾಮಾನ್ಯವಾಗಿ ಪಿಟ್ಯುಟರಿಯ ಗಡ್ಡೆಯಿಂದ ಬರುವಂಥದ್ದು. ಚಿಕಿತ್ಸೆ ಮಾಡಿಸದೆ ಬಿಟ್ಟರೆ ಡಯಾಬಿಟಿಸ್, ಬಿಪಿ, ಹೃದಯದ ಕಾಯಿಲೆ ಬೆನ್ನು ಹತ್ತುತ್ತವೆ. ಈ ಕಾಯಿಲೆ ಇದೆಯಾ ಅಂತ ತಿಳಿಯಲು 75 ಗ್ರಾಂ ಗ್ಲೂಕೋಸ್ ಕುಡಿಸಿ, ಗ್ರೋತ್ ಹಾರ್ಮೋನ್ ಇಳಿಯುತ್ತದಾ ಅಂತ ನೋಡುತ್ತಾರೆ. ಆರೋಗ್ಯವಂತರಲ್ಲಿ ಇಳಿಯುತ್ತದೆ. ಆಗ ಮಾತ್ರ ಆ ಹಾರ್ಮೋನನ್ನು ನೇರವಾಗಿ ಅಳೆಯುವುದಕ್ಕೆ ಅರ್ಥವಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 58. ಐಜಿಎಫ್-1 ಕಡಿಮೆಯಾಗಿದೆ, ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ವಯಸ್ಸೇ ಗೊತ್ತಾಗಲ್ಲ ಅಂತ ಜಿಮ್‌ನಲ್ಲಿ ಹೇಳಿದ್ದಾರೆ.

ಉತ್ತರ: ದಯವಿಟ್ಟು ತಡೆಯಿರಿ. ವಯಸ್ಸಾದಂತೆ ಅದು ಇಳಿಯುವುದು ಸಹಜ. ಇಂಜೆಕ್ಷನ್‌ನಿಂದ ಶುಗರ್ ಏರುತ್ತದೆ, ಕಾಲು ಊದುತ್ತದೆ, ಕೀಲು ನೋಯುತ್ತದೆ, ಕೈ ಜೋಮು ಹಿಡಿಯುತ್ತದೆ. ಪಿಟ್ಯುಟರಿಗೆ ಆಪರೇಷನ್ನೋ ರೇಡಿಯೇಷನ್ನೋ ಆಗಿ ನಿಜವಾಗಿ ಕೊರತೆ ಇರುವವರ ಮಾತೇ ಬೇರೆ. ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು, ಜಿಮ್‌ನವರಲ್ಲ.