ವಯಸ್ಸು 32, ಟೆಸ್ಟೋಸ್ಟೆರಾನ್ 240 ಬಂದಿದೆ. ಯಾಕೆ ಹೀಗಾಗುತ್ತದೆ?

ಜಮಖಂಡಿಯಿಂದ ಕೇಳಿದ್ದೀರಿ. ಸದಾ ಸುಸ್ತು, ಹೆಂಡತಿ ಹತ್ತಿರ ಹೋಗೋ ಮನಸ್ಸೇ ಆಗಲ್ಲ, ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು 240 ಇದೆ, ಜಿಮ್ಮಿನ ಗೆಳೆಯ ಇಂಜೆಕ್ಷನ್ ತಗೋ ಅಂತಿದ್ದಾನೆ ಅಂತ. ನಾನು ಡಾಕ್ಟರ್ ಅಲ್ಲ, ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮೂರು ವರ್ಷದ ಹಿಂದೆ ನನ್ನದು 228 ಬಂದಿತ್ತು.

ಮೊದಲು ಇದನ್ನು ಹೇಳಿ, ರಕ್ತ ಎಷ್ಟು ಹೊತ್ತಿಗೆ ಕೊಟ್ಟಿರಿ? ನಾನು ಕೊಟ್ಟಿದ್ದು ಸಂಜೆ 5ಕ್ಕೆ, ಅದೂ ಹೊಟ್ಟೆ ತುಂಬ ಮಿರ್ಚಿ ಭಜಿ ತಿಂದು. ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ, ಉಂಡ ಮೇಲೂ ಇಳಿಯುತ್ತದೆ. ಜ್ವರ ಬಂದು ಎದ್ದ ಹೊಸದರಲ್ಲೂ ಕಡಿಮೆಯೇ ತೋರಿಸುತ್ತದೆ. ಅದಕ್ಕೇ ಬೆಳಿಗ್ಗೆ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡುತ್ತಾರೆ. ಎರಡೂ ಸಲ 300ಕ್ಕಿಂತ (ng/dL ಲೆಕ್ಕದಲ್ಲಿ) ಕೆಳಗಿದ್ದರೆ ಆಗ ಕಾರಣ ಹುಡುಕೋದು.

ನನ್ನದು ಎರಡು ಸಲವೂ ಕಡಿಮೆಯೇ ಬಂತು. ಬೆಳಗಾವಿಗೆ ಹೋಗಿ ಹಾರ್ಮೋನ್ ಡಾಕ್ಟರಿಗೆ ತೋರಿಸಿದೆ. ಅವರು ಎಲ್‌ಎಚ್ ಅನ್ನೋ ಇನ್ನೊಂದು ಪರೀಕ್ಷೆ ಬರೆದರು. ನನಗೆ ಅದು ಅರ್ಥ ಆಗಿದ್ದು ಹೊಲದ ಬೋರ್ ನೆನಪಿಸಿಕೊಂಡಾಗ. ವೃಷಣ ಅಂದರೆ ಮೋಟರ್, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಸ್ಟಾರ್ಟರ್, ಎಲ್‌ಎಚ್ ಅಂದರೆ ಸ್ಟಾರ್ಟರ್‌ನಿಂದ ಹೋಗುವ ಕರೆಂಟು. ನೀರು ಬರುತ್ತಿಲ್ಲ ಅಂದರೆ ಮೋಟರ್ ಸುಟ್ಟಿದೆಯಾ, ಕರೆಂಟೇ ಬರುತ್ತಿಲ್ಲವಾ ಅಂತ ಮೊದಲು ನೋಡ್ತೀವಿ ಅಲ್ವಾ?

ಎಲ್‌ಎಚ್ ಜಾಸ್ತಿ ಇದ್ದರೆ ಮೋಟರ್ ಕೆಟ್ಟಿದೆ. ದೊಡ್ಡವನಾದ ಮೇಲೆ ಮಂಗನಬಾವು ಬಂದು ಬಾವು ವೃಷಣಕ್ಕೆ ಇಳಿದಿದ್ದರೆ, ಪೆಟ್ಟು ಬಿದ್ದಿದ್ದರೆ, ಚಿಕ್ಕಂದಿನಲ್ಲಿ ವೃಷಣ ಚೀಲಕ್ಕೆ ಇಳಿದೇ ಇರದಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಹೀಗಾಗಬಹುದು. ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಕ್ಲೈನ್‌ಫೆಲ್ಟರ್ ಅನ್ನೋದೂ ಒಂದಿದೆ. ಮದುವೆಯಾಗಿ ಮಕ್ಕಳಾಗದೆ ತೋರಿಸಲು ಹೋದಾಗಲೇ ಎಷ್ಟೋ ಜನರಿಗೆ ಅದು ಗೊತ್ತಾಗೋದು.

ಟೆಸ್ಟೋಸ್ಟೆರಾನ್ ಕಡಿಮೆ ಇದ್ದೂ ಎಲ್‌ಎಚ್ ಏರಿಲ್ಲ ಅಂದರೆ ಸಮಸ್ಯೆ ಮೇಲಿದೆ. ಪಿಟ್ಯುಟರಿಯಲ್ಲಿ ಗಂಟು ಇರಬಹುದು, ಪ್ರೊಲ್ಯಾಕ್ಟಿನ್ (ಬಾಣಂತಿಯರಲ್ಲಿ ಹಾಲು ತರಿಸುವ ಹಾರ್ಮೋನು) ಏರಿರಬಹುದು. ತಲೆನೋವಿನ ಜೊತೆ ಪಕ್ಕದ ನೋಟ ಮಂಕಾಗುತ್ತಿದ್ದರೆ ತಡ ಮಾಡಬೇಡಿ. ಗುಳಿಗೆಗಳದ್ದೂ ಪಾಲಿದೆ. ಮಾನಸಿಕ ಕಾಯಿಲೆಯ ಕೆಲವು ಗುಳಿಗೆ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಗ್ಯಾಸಿನ ಗುಳಿಗೆ ಜೊತೆ ಸೇರಿಸಿ ಕೊಡುವ ಡೋಂಪೆರಿಡೋನ್ ಕೂಡ. ಟ್ರಾಮಡಾಲ್‌ನಂಥ ನೋವಿನ ಗುಳಿಗೆ ತುಂಬ ದಿನ ನುಂಗಿದರೂ ಕರೆಂಟು ಕಡಿಮೆಯಾಗುತ್ತದೆ. ಏನೇನು ನುಂಗುತ್ತೀರಿ ಅಂತ ಒಂದು ಚೀಟಿ ಬರೆದುಕೊಂಡು ಹೋಗಿ. ನೀವಾಗೇ ನಿಲ್ಲಿಸಬೇಡಿ.

ನನ್ನ ಕಥೆ ಇಷ್ಟು ದೊಡ್ಡದಲ್ಲ. ಹೊಟ್ಟೆ. 98 ಕಿಲೋ ಇದ್ದೆ, ಸಕ್ಕರೆ ಕಾಯಿಲೆ ಶುರುವಾಗಿತ್ತು, ಕಬ್ಬು ನುರಿಸುವ ಹಂಗಾಮಿನಲ್ಲಿ ಪಾಳಿ ಬದಲಾಗಿ ನಾಲ್ಕೈದು ತಾಸು ನಿದ್ದೆ ಆದರೆ ಅದೇ ಹೆಚ್ಚು. ಮೇಲಿಂದ ಗೊರಕೆ. ಗೊರಕೆ ನಡುವೆ ಉಸಿರು ನಿಂತುಬಿಡುತ್ತದೆ ಅಂತ ಹೆಂಡತಿ ವರ್ಷಗಟ್ಟಲೆ ಹೇಳಿದರೂ ನಾನು ನಗುತ್ತಿದ್ದೆ. ಕೊಬ್ಬು ಸುಮ್ನೆ ಕೂತಿರುವ ಸರಕಲ್ಲ, ಟೆಸ್ಟೋಸ್ಟೆರಾನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಅದು ತಲೆಗೆ ಹೋಗಿ ಸಾಕು ಅಂತ ಹೇಳುತ್ತದೆ, ಸ್ಟಾರ್ಟರ್ ನಿಧಾನವಾಗುತ್ತದೆ. ಮಲಗುವಾಗ ಹಾಕುವ ಉಸಿರಿನ ಯಂತ್ರದಿಂದ ನನಗೆ ಹಗಲಿನ ತೂಕಡಿಕೆ ಹೋಯಿತು, ಅಂಕಿ ಏರಲಿಲ್ಲ. ಅದು ಏರಿದ್ದು 14 ಕಿಲೋ ಇಳಿದ ಮೇಲೆ. ಈಗ 390 ಇದೆ, ಒಂದು ಇಂಜೆಕ್ಷನ್ನೂ ತಗೊಂಡಿಲ್ಲ.

ಇನ್ನು ನಿಮ್ಮ ಗೆಳೆಯನ ಸಲಹೆ. ಹೊರಗಿಂದ ಟೆಸ್ಟೋಸ್ಟೆರಾನ್ ಬಿದ್ದರೆ ತಲೆ ಕರೆಂಟು ಬಂದ್ ಮಾಡುತ್ತದೆ, ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಹುಟ್ಟೋದು ನಿಲ್ಲಬಹುದು. ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಟ್ಟಲೆ ಬೇಕು. ಮಕ್ಕಳ ಆಸೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಜಿಮ್ಮಿನಲ್ಲಿ ಈಗಾಗಲೇ ಏನಾದರೂ ಚುಚ್ಚಿಸಿಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ, ಈ 240ಕ್ಕೆ ಅದೇ ಕಾರಣ ಇರಬಹುದು.

ಬರೀ ಸುಸ್ತು ಅಂದರೆ ಥೈರಾಯ್ಡ್, ರಕ್ತ ಕಡಿಮೆ, ಬಿ12 ಕಡಿಮೆ, ಮನಸ್ಸಿನ ಬೇಸರ, ಏನೂ ಆಗಿರಬಹುದು, ಅವನ್ನೂ ನೋಡಿಸಿ. ಬೆಳಗಿನ ರಿಪೋರ್ಟ್ ಬಂದ ಮೇಲೆ ಎಲ್‌ಎಚ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ.